ಒಂದು ದಿನದ ಅಕ್ಕಿ: ಆಟದಲ್ಲಿ ಬಡತನದ ವ್ರತ ಹಿಡಿದ ನನ್ನ ಅನುಭವ

ಅವಳಿಗೆ ಲಕ್ಕವ್ವ ಅಂತ ಹೆಸರಿಟ್ಟಿದ್ದೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟದ 3.5 ಆವೃತ್ತಿಯಲ್ಲಿ ನನ್ನ ಪಾತ್ರ ಅವಳು. ಮಾಂಕ್, ಅಂದರೆ ಬರಿಗೈಯಲ್ಲೂ ಹೋರಾಡುವ ಸನ್ಯಾಸಿನಿ. ಕೈಯಲ್ಲಿ ಒಂದು ದೊಣ್ಣೆ, ಮೈಮೇಲೆ ಒಂದು ಸೀರೆ, ಜೋಳಿಗೆಯಲ್ಲಿ ಒಂದು ದಿನಕ್ಕಾಗುವಷ್ಟು ಅಕ್ಕಿ. ಅವಳ ಆಸ್ತಿ ಅಷ್ಟೇ.

2003ರಲ್ಲಿ ಬಂದ 'ಬುಕ್ ಆಫ್ ಎಕ್ಸಾಲ್ಟೆಡ್ ಡೀಡ್ಸ್' ಪುಸ್ತಕದಲ್ಲಿ ವೌ ಆಫ್ ಪಾವರ್ಟಿ, ಅಂದರೆ ಬಡತನದ ವ್ರತ, ಅನ್ನೋ ಫೀಟ್ (ಪಾತ್ರಕ್ಕೆ ನಾವು ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ) ಇದೆ. ಅದಕ್ಕೂ ಮೊದಲು ಸೇಕ್ರೆಡ್ ವೌ ಅನ್ನೋ ಇನ್ನೊಂದು ಫೀಟ್ ತೆಗೆದುಕೊಂಡಿರಬೇಕು. ಮನುಷ್ಯ ಪಾತ್ರಕ್ಕೆ ಮೊದಲ ಲೆವೆಲ್‌ನಲ್ಲೇ ಎರಡು ಫೀಟ್ ಸಿಗುವುದರಿಂದ ಶುರುವಿನಲ್ಲೇ ವ್ರತ ಹಿಡಿಯಬಹುದು. ಆಮೇಲೆ ಸಾಧಾರಣ ಬಟ್ಟೆ, ಸರಳವಾದ ಆಯುಧ, ಒಂದು ದಿನದ ಊಟ, ಹೀಗೆ ಕೆಲವನ್ನು ಬಿಟ್ಟು ಬೇರೇನೂ ಇಟ್ಟುಕೊಳ್ಳುವಂತಿಲ್ಲ, ಬಳಸುವಂತೆಯೂ ಇಲ್ಲ. ಬದಲಿಗೆ ಎಸಿ (ಶತ್ರುವಿನ ಹೊಡೆತದಿಂದ ಕಾಪಾಡುವ ರಕ್ಷಣೆಯ ಅಂಕ) ತಕ್ಷಣ 4 ಏರುತ್ತದೆ, 4ನೇ ಲೆವೆಲ್‌ಗೆ ಹೊಡೆತ ಮ್ಯಾಜಿಕ್ ಆಗುತ್ತದೆ, 5ಕ್ಕೆ ಊಟ ನೀರೇ ಬೇಕಿಲ್ಲ.

ಆ 'ಒಂದು ದಿನದ ಊಟ' ಅನ್ನೋ ಮಾತು ಓದಿದಾಗಲೇ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದದ್ದು. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದರೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದವಳು ಅವಳು. ನನಗೆ ಬೇಕಾದ ಪಾತ್ರ ಅದೇ ಆಗಿತ್ತು. ಅಳುತ್ತಾ ಬಡವಳಾದವಳಲ್ಲ, ಎಷ್ಟು ಸಾಕು ಅಂತ ಗೊತ್ತಿರುವವಳು.

ಮೊದಲ ತೊಂದರೆ ಬಂದದ್ದು ಲೂಟಿ ಹಂಚುವಾಗ. ಮೇಜಿನ ಸುತ್ತ ನಾಲ್ಕು ಜನ ಆಟಗಾರರಿದ್ದೆವು. ರೋಗ್ (ಕಳ್ಳನಂಥ ಚಾಲಾಕಿ ಪಾತ್ರ) ಆಡುತ್ತಿದ್ದ ಗೆಳೆಯ "ನಿಂಗೆ ಬೇಡ ತಾನೇ, ನಾವು ಮೂವರೇ ಹಂಚ್ಕೋತೀವಿ" ಅಂದ. ಸರಿ ಅನ್ನಿಸಿತು, ಒಪ್ಪಿದೆ. ಮೂರು ನಾಲ್ಕು ವಾರ ಹಾಗೇ ನಡೆಯಿತು. ಅಷ್ಟರಲ್ಲಿ ಉಳಿದವರ ಹತ್ತಿರ ಆ ಲೆವೆಲ್‌ಗೆ ಮೀರಿದ ಸಾಮಾನು ಸೇರಿತ್ತು, ಡಿಎಂ (ಕಥೆ ಹೇಳಿ ಆಟ ನಡೆಸುವವರು) ಅದಕ್ಕೆ ತಕ್ಕಂತೆ ಶತ್ರುಗಳನ್ನು ಬಲವಾಗಿ ಮಾಡುತ್ತಾ ಹೋದರು, ಆ ಹೊಡೆತವೆಲ್ಲ ಬೀಳುತ್ತಿದ್ದದ್ದು ಮುಂದೆ ನಿಲ್ಲುವ ನನ್ನ ಮೇಲೆ. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಲಕ್ಕವ್ವನ ವ್ರತದಿಂದ ಒಬ್ಬ ಬಡವನಿಗೂ ಏನೂ ಸಿಗುತ್ತಿರಲಿಲ್ಲ! ಪುಸ್ತಕವನ್ನು ಮತ್ತೆ ತೆರೆದು ನೋಡಿದರೆ ಅಲ್ಲಿ ಸ್ಪಷ್ಟವಾಗಿಯೇ ಇತ್ತು: ವ್ರತ ಹಿಡಿದವಳ ಪಾಲು ಇಲ್ಲದವರಿಗೆ ಹೋಗಬೇಕು, ಜೊತೆಗಾರರ ಚೀಲಕ್ಕಲ್ಲ.

ಅವತ್ತಿನಿಂದ ಲೂಟಿಯನ್ನು ನಾಲ್ಕು ಪಾಲು ಮಾಡಿದೆವು. ನನ್ನ ಪಾಲನ್ನು ಕ್ಯಾರೆಕ್ಟರ್ ಶೀಟಿನ ಹಿಂದೆ 'ಕೊಡುವ ಲೆಕ್ಕ' ಅಂತ ಬರೆದಿಡುತ್ತಿದ್ದೆ. ಊರಿಗೆ ಮರಳಿದಾಗಲೆಲ್ಲ ಐದು ನಿಮಿಷ ಅದಕ್ಕೇ. ಯಾರಿಗೆ, ಏನು, ಯಾಕೆ ಅಂತ ನಾನು ಹೇಳಬೇಕು. "ಬಡವರಿಗೆ ಕೊಟ್ಟೆ" ಅಂತ ಸುಮ್ನೆ ಹೇಳಿದರೆ ನಡೆಯುವುದಿಲ್ಲ. ಒಬ್ಬ ಅಂಬಿಗನಿಗೆ ದೋಣಿ ಮಾಡಿಸಿಕೊಟ್ಟೆ. ಒಂದು ರೈತ ಮನೆಗೆ 300 ಚಿನ್ನದ ನಾಣ್ಯ ಕೊಟ್ಟೆ, ನಾವು ಮುಂದಿನ ಸಲ ಹೋಗುವಷ್ಟರಲ್ಲಿ ಆ ಚಿನ್ನದ ಸುದ್ದಿ ಕೇಳಿ ಕಳ್ಳರು ಬಂದು ಮನೆ ಸುಟ್ಟು ಹೋಗಿದ್ದರು. ಡಿಎಂ ಅದನ್ನು ಹೇಳಿದಾಗ ಇಡೀ ಮೇಜು ಮೌನವಾಯಿತು. ಆಮೇಲೆ ನಾಣ್ಯ ಕೊಡುವುದು ಬಿಟ್ಟೆ. ಕಾಳು, ಸೂರು, ಎತ್ತು, ಬಾವಿ, ಇಂಥವನ್ನೇ ಕೊಟ್ಟೆ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಅತಿ ಚೆನ್ನಾಗಿದ್ದ ಭಾಗ ಇದು. ಕೊನೆಕೊನೆಗೆ ಚಿನ್ನ ಲೆಕ್ಕ ಹಾಕುತ್ತಿದ್ದ ಆ ರೋಗ್ ಗೆಳೆಯನೇ "ಅಂಬಿಗನ ಮಗಳಿಗೆ ಏನಾದ್ರೂ ಮಾಡೋಣ ಕಣೇ" ಅನ್ನುತ್ತಿದ್ದ.

ಇನ್ನೊಂದು ಜಗಳ ಪೋಶನ್, ಅಂದರೆ ಗಾಯ ವಾಸಿಮಾಡುವ ಮ್ಯಾಜಿಕ್ ಮದ್ದಿನ ಬಗ್ಗೆ. ಲಕ್ಕವ್ವ ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಕ್ಲೆರಿಕ್ (ಪೂಜಾರಿ ಪಾತ್ರ) ಅವಳ ಬಾಯಿಗೆ ಪೋಶನ್ ಹಾಕಿದ. ವ್ರತ ಮುರಿಯಿತು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಈ ವ್ರತ ಒಮ್ಮೆ ಮುರಿದರೆ ಅದರ ಲಾಭವೆಲ್ಲ ಶಾಶ್ವತವಾಗಿ ಹೋಗುತ್ತದೆ, ಬದಲಿಗೆ ಬೇರೆ ಫೀಟ್ ಕೂಡ ಸಿಗುವುದಿಲ್ಲ, ಹಾಗಾಗಿ ಇದು ಸಣ್ಣ ವಿಷಯವಲ್ಲ. ಆಟ ನಿಲ್ಲಿಸಿ ಓದಿದೆವು. ಜೊತೆಗಾರರು ನಿಮಗಾಗಿ ಪೋಶನ್ ಕೊಟ್ಟರೆ, ವಾಂಡ್ (ಮಂತ್ರದ ಕೋಲು) ಬಳಸಿದರೆ ತಪ್ಪಿಲ್ಲ. ಆದರೆ ಅವರ ಮ್ಯಾಜಿಕ್ ಹೊದಿಕೆಯನ್ನು ಕಡ ತಂದು ಹೊದ್ದುಕೊಳ್ಳುವಂತಿಲ್ಲ. ಇದನ್ನೆಲ್ಲ ಆಟ ಶುರುವಾಗುವ ಮೊದಲೇ ಡಿಎಂ ಜೊತೆ ಕೂತು ಮಾತಾಡಿಕೊಳ್ಳಿ, ಸಾಯುವ ಹೊತ್ತಲ್ಲಿ ಅಲ್ಲ.

ಬಲದ ವಿಷಯ ಹೇಳಿಬಿಡುತ್ತೇನೆ. 3.5ರಲ್ಲಿ 10ನೇ ಲೆವೆಲ್ ಪಾತ್ರದ ಹತ್ತಿರ 49,000 ಚಿನ್ನದ ನಾಣ್ಯ ಬೆಲೆಯ ಸಾಮಾನು ಇರುತ್ತದೆ ಅಂತ ಆಟದ ಲೆಕ್ಕ. ವ್ರತ ಕೊಡುವುದು ಅದಕ್ಕೆ ಸಮ ಅಲ್ಲ. ಮುಖ್ಯವಾಗಿ ಹಾರುವ ಶಕ್ತಿ ಎಲ್ಲೂ ಸಿಗುವುದಿಲ್ಲ. ಮ್ಯಾಂಟಿಕೋರ್ ಅನ್ನೋ ರೆಕ್ಕೆಯ ಮೃಗವೊಂದು ಮೇಲೆ ಸುತ್ತುತ್ತಾ ಬಾಲದ ಮುಳ್ಳು ಎಸೆಯುತ್ತಿದ್ದಾಗ ನಾನು ಕೆಳಗೆ ದೊಣ್ಣೆ ಹಿಡಿದು ನಿಂತಿದ್ದೆ. ಮುಂದಿನ ವಾರವೇ ನನ್ನ ಸಾಮಾನಿನ ಪಟ್ಟಿಗೆ ಕವಣೆ ಬರೆದುಕೊಂಡೆ. ಅದು ಸರಳ ಆಯುಧ, ಮಾಂಕ್‌ಗೆ ಬರುತ್ತದೆ, ವ್ರತಕ್ಕೂ ಅಡ್ಡಿಯಿಲ್ಲ.

ಈಗ ನಾನೇ ಡಿಎಂ, 2014ರ 5ನೇ ಆವೃತ್ತಿ ಆಡಿಸುತ್ತೇನೆ. ಇದರಲ್ಲಿ ಇಂಥ ಫೀಟ್ ಇಲ್ಲ, ಆದರೆ ಮ್ಯಾಜಿಕ್ ಸಾಮಾನು ಇಲ್ಲದೆಯೂ ಆಟ ತೂಗುತ್ತದೆ, ಮಾಂಕ್‌ನ ಮುಷ್ಟಿ 6ನೇ ಲೆವೆಲ್‌ಗೆ ತಾನೇ ಮ್ಯಾಜಿಕ್ ಆಗುತ್ತದೆ. ಹೋದ ತಿಂಗಳು ಒಬ್ಬಳು ಹುಡುಗಿ ಈ ವ್ರತ ಬೇಕು ಅಂದಳು. ದೊಡ್ಡ ಪಟ್ಟಿಯನ್ನೇನೂ ನಾನು ಮಾಡಲಿಲ್ಲ. ಉಳಿದವರಿಗೆ ಒಳ್ಳೆಯ ವಸ್ತು ಸಿಕ್ಕ ವಾರ ಅವಳಿಗೂ ಅದೇ ತೂಕದ ಒಂದು ಶಕ್ತಿ ಕೊಡುತ್ತೇನೆ, ಅಷ್ಟೇ. ಮೊದಲ ಲೂಟಿ ಹಂಚಿದ ರಾತ್ರಿ ಅವಳು ತನ್ನ ಪಾಲು ಎಣಿಸಿ, "ಅಕ್ಕಾ, ಈ ಊರಲ್ಲಿ ಒಂದು ಸೂರು ಹೊದಿಸೋಕೆ ಎಷ್ಟಾಗುತ್ತೆ?" ಅಂತ ಕೇಳಿದಳು. ಪುಸ್ತಕ ಮುಚ್ಚಿ, ಎಲ್ಲರೂ ಸೇರಿ ಲೆಕ್ಕ ಹಾಕಿದೆವು.