ಮಲೆನಾಡಿನ ಆರೋಗ್ಯ ಉಪಕೇಂದ್ರಕ್ಕೆ ಸೌರ ವಿದ್ಯುತ್: ಜುಲೈ ತಿಂಗಳ ಲೆಕ್ಕ

ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ವಿದ್ಯುತ್ ತಂತಿ ತಲುಪದ, ತಲುಪಿದರೂ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಆರೋಗ್ಯ ಉಪಕೇಂದ್ರಕ್ಕೆ ಸೌರ ವಿದ್ಯುತ್ ಅಳವಡಿಸುವವರು ಮಾರ್ಚ್ ತಿಂಗಳ ಬಿಸಿಲನ್ನು ನಂಬಿ ಲೆಕ್ಕ ಹಾಕಬಾರದು. ಇಲ್ಲಿ ಪ್ಯಾನೆಲ್ಲಿನ ಗಾತ್ರವನ್ನು ನಿರ್ಧರಿಸುವುದು ಜುಲೈ.

ಮೊದಲು ದಿನದ ಬಳಕೆಯನ್ನು ಬರೆದುಕೊಳ್ಳಿ. 9 ವ್ಯಾಟಿನ 6 ಎಲ್‌ಇಡಿ ಬಲ್ಬುಗಳು 6 ಗಂಟೆ ಉರಿದರೆ 324 ವ್ಯಾಟ್-ಅವರ್, 30 ವ್ಯಾಟಿನ 2 ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ) ಫ್ಯಾನುಗಳು 8 ಗಂಟೆ ತಿರುಗಿದರೆ 480, ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ಯಂತ್ರ) ಮತ್ತು ಮೊಬೈಲ್ ಚಾರ್ಜಿಂಗಿಗೆ ಸುಮಾರು 200. ಒಟ್ಟು ಸಾವಿರ, ಅಂದರೆ 1 ಯೂನಿಟ್. ಬೇಸಿಗೆಯಲ್ಲಿ ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕರೂ, ಮೋಡ ಕವಿದ ಜುಲೈಗೆ ಎರಡೂವರೆ ಗಂಟೆಗಿಂತ ಹೆಚ್ಚು ಎಣಿಸದಿರುವುದೇ ಕ್ಷೇಮ. ತಂತಿ, ಬ್ಯಾಟರಿ ಮುಂತಾದವುಗಳಲ್ಲಿ ಆಗುವ ಶೇ. 30ರಷ್ಟು ನಷ್ಟ ಕಳೆದರೆ ಸುಮಾರು 570 ವ್ಯಾಟಿನ ಪ್ಯಾನೆಲ್ ಬೇಕಾಗುತ್ತದೆ. ಬೇಸಿಗೆಯ ಲೆಕ್ಕದಲ್ಲಿ ಇದರ ಅರ್ಧ ಸಾಕು. ಕೆಲವು ಕೊಟೇಶನ್ನುಗಳು ಅಗ್ಗವಾಗಿ ಕಾಣುವುದು ಅದಕ್ಕೇ. ಮೂರು ದಿನದ ದಾಸ್ತಾನಿಗೆ, ಶೇ. 80ರವರೆಗೆ ಬಳಸಬಹುದಾದ ಲಿಥಿಯಂ ಬ್ಯಾಟರಿಯಾದರೆ 3.75 ಯೂನಿಟ್, ಅರ್ಧದಷ್ಟೇ ಬಳಸಬೇಕಾದ ಲೆಡ್ ಆಸಿಡ್ ಆದರೆ 6 ಯೂನಿಟ್ ಸಾಮರ್ಥ್ಯ ಬೇಕು. ಉಪಕರಣ ಕುದಿಸುವ ಸ್ಟೆರಿಲೈಸರನ್ನು ಇದಕ್ಕೆ ಜೋಡಿಸದೆ ಗ್ಯಾಸಿಗೇ ಬಿಡುವುದು ಒಳ್ಳೆಯದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕೇಂದ್ರದಲ್ಲೇ ಲಸಿಕೆ ಸಂಗ್ರಹಿಸುವುದಾದರೆ ಅದಕ್ಕೆ ಪ್ರತ್ಯೇಕ ಪ್ಯಾನೆಲ್ ಇರುವ, ಹಗಲಿನ ಶಕ್ತಿಯನ್ನು ಬ್ಯಾಟರಿಯ ಬದಲು ಮಂಜುಗಡ್ಡೆಯ ರೂಪದಲ್ಲಿ ಉಳಿಸಿಕೊಳ್ಳುವ ಡೈರೆಕ್ಟ್ ಡ್ರೈವ್ ಫ್ರಿಜ್ಜನ್ನೇ ತರಿಸಿ. ದೀಪದ ಬ್ಯಾಟರಿಗೆ ಮನೆಬಳಕೆಯ ಫ್ರಿಜ್ ಜೋಡಿಸಿದರೆ ಎರಡೂ ಕೈಕೊಡುತ್ತವೆ.

ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಿ. ಇಳಿಜಾರಿದ್ದರೆ ಮಳೆನೀರೇ ಧೂಳು ತೊಳೆಯುತ್ತದೆ, ಪಾಚಿಯನ್ನು ಮಾತ್ರ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಹಂಚಿನ ಮಾಡಾದರೆ ಚೌಕಟ್ಟಿನ ಕಾಲುಗಳು ಹಂಚು ಕೂರುವ ತೆಳು ರೀಪಿಗಲ್ಲ, ಅದನ್ನು ಹೊರುವ ದಪ್ಪ ಪಕಾಸಿಗೆ ಬಿಗಿಯಾಗಿರಲಿ. ಒಂದು ಅಡಿಕೆ ಮರದ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಇಳಿಯುವುದರಿಂದ, ಮಾಡಿಗಿಂತ ಅಂಗಳದ ಕಂಬವೇ ಎಷ್ಟೋ ಕಡೆ ಮೇಲು.

ಅರ್ಥಿಂಗ್, ಅಂದರೆ ಸಿಡಿಲು ಮತ್ತು ಸೋರುವ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಜಂಬಿಟ್ಟಿಗೆ ನೆಲ ಒಣಗಿದಾಗ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ, ಸಿಡಿಲು ಹೊಡೆಯುವುದೂ ನೆಲ ಒಣಗಿರುವ ಏಪ್ರಿಲ್, ಮೇ ತಿಂಗಳಲ್ಲಿಯೇ. ಗುಂಡಿಯನ್ನು ಆಳವಾಗಿ ತೆಗೆದು, ಇದ್ದಿಲು ಮತ್ತು ಉಪ್ಪು ತುಂಬಿ, ಆ ಎರಡು ತಿಂಗಳು ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಸುರಿಯಬೇಕು. ಈ ಕೆಲಸ ಯಾರದೆಂದು ಆರೋಗ್ಯ ಸಹಾಯಕಿ ಮತ್ತು ಆಶಾ ಕಾರ್ಯಕರ್ತೆಯರು ಕೂಡಿ ಮೊದಲೇ ಗೊತ್ತುಮಾಡಿ, ಬ್ಯಾಟರಿಯ ವೋಲ್ಟೇಜ್ ಬರೆಯುವ ಪುಸ್ತಕದ ಮೊದಲ ಪುಟದಲ್ಲಿಯೇ ನಮೂದಿಸಿಕೊಳ್ಳಲಿ.