ಹಳೆಯ ಆಂಪ್ಲಿಫೈಯರ್ ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರ್ ಕೊಳ್ಳಲು ಹೋದವರು ಮೊದಲು ಕೇಳುವುದು, "ವಾರಂಟಿ ಇದೆಯಾ?" ಮಾರುವವರು ಕಾರ್ಡ್ ತೆಗೆದು ತೋರಿಸುತ್ತಾರೆ. ಇವರಿಗೆ ಸಮಾಧಾನ. ಆರು ತಿಂಗಳು ಕಳೆದು ಎಡಗಡೆ ಸ್ಪೀಕರ್ ಸದ್ದಡಗಿದಾಗ ಅದೇ ಕಾರ್ಡ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋಗುತ್ತಾರೆ, ಹಾಗೇ ವಾಪಸ್ ಬರುತ್ತಾರೆ. ಹೀಗೆ ಬಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ! ಹಳೆಯ ಸೆಟ್‌ಗೆ ಕಾರ್ಡಿಗಿಂತ ಬಿಡಿಭಾಗ ಮುಖ್ಯ.

ಹಂತ 1: ವಾರಂಟಿಯ ಕತೆ ಮುಗಿಸಿ

ಸಾಮಾನ್ಯವಾಗಿ ಕಂಪನಿ ವಾರಂಟಿ ಮೊದಲು ಕೊಂಡವರಿಗೆ, ಅಧಿಕೃತ ಡೀಲರ್ ಬಿಲ್ ಇದ್ದರೆ, ಮಾರಾಟವಾದ ದೇಶದಲ್ಲಿ ಮಾತ್ರ. ಗ್ರೇ ಮಾರ್ಕೆಟ್ ಮಾಲು ಸೀಲ್ ಒಡೆಯದ ಹೊಸ ಪೆಟ್ಟಿಗೆಯೇ ಇರಬಹುದು. ಆದರೆ ಅದು ಬೇರೆ ದೇಶಕ್ಕೆಂದು ತಯಾರಾದದ್ದು. ಸೀರಿಯಲ್ ನಂಬರ್ ಕಳಿಸಿ ಕಂಪನಿಗೆ ಎರಡು ಪ್ರಶ್ನೆ ಕೇಳಿ. ವಾರಂಟಿ ಕೊಡುತ್ತೀರಾ? ಇಲ್ಲದಿದ್ದರೆ ದುಡ್ಡು ಕೊಟ್ಟರಾದರೂ ರಿಪೇರಿ ಮಾಡುತ್ತೀರಾ? ಎರಡನೆಯದಕ್ಕೆ ಹೌದು ಎಂದರೆ ಅರ್ಧ ಗೆದ್ದಂತೆ. ನಂಬರಿನ ಸ್ಟಿಕ್ಕರ್ ಕೆರೆದು ತೆಗೆದಿದ್ದಾರಾ? ಮಾತೇ ಬೇಡ, ಎದ್ದು ಬನ್ನಿ.

"ನಮ್ಮ ಅಂಗಡಿ ವಾರಂಟಿ" ಎಂದರೆ ಕೂಲಿ ಮಾತ್ರವಾ, ಪಾರ್ಟ್ ಸೇರಿಯಾ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ಹಂತ 2: ಹಿಂದಿನ ಫಲಕ ಓದಿ

ವೈರ್ ಒಳಗೆ ಹೋಗುವ ಜಾಗದ ಹತ್ತಿರ ವೋಲ್ಟೇಜ್ ಅಚ್ಚಾಗಿರುತ್ತದೆ. 100 ಎಂದಿದ್ದರೆ ಜಪಾನಿನದು, 120 ಎಂದಿದ್ದರೆ ಹೆಚ್ಚಾಗಿ ಅಮೆರಿಕದ್ದು. 100 ವೋಲ್ಟಿನದನ್ನು ನಮ್ಮ ಮನೆಗಳ 230ರ ಪ್ಲಗ್ಗಿಗೆ ಹಾಕಿದವರೊಬ್ಬರ ಪಕ್ಕದಲ್ಲೇ ನಾನಿದ್ದೆ. ಫಟ್ ಎಂಬ ಸದ್ದು, ಆಮೇಲೆ ವಾರ್ನಿಷ್ ಸುಟ್ಟ ವಾಸನೆ. "ಅಡಾಪ್ಟರ್ ಹಾಕಿದ್ದೆನಲ್ಲ" ಎಂದರು. ಆ ಅಡಾಪ್ಟರ್ ಬದಲಾಯಿಸುವುದು ಪಿನ್ನಿನ ಆಕಾರವನ್ನು, ವೋಲ್ಟೇಜನ್ನಲ್ಲ.

ಇದಕ್ಕೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸೆಟ್ ಎಳೆಯುವ ವಿದ್ಯುತ್ತಿಗಿಂತ ಒಂದೂವರೆ ಪಟ್ಟಾದರೂ ದೊಡ್ಡದಿರಲಿ. ಪ್ರಯಾಣಕ್ಕೆಂದು ಮಾರುವ ಹಗುರವಾದ ಕನ್ವರ್ಟರ್ ಮುಟ್ಟಲೇಬೇಡಿ. ಅವು ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನಿಗೆ ಸರಿ, ಆಡಿಯೋಗಲ್ಲ. ಇನ್ನೊಂದು ವಿಷಯ, ಟ್ರಾನ್ಸ್‌ಫಾರ್ಮರ್ ಹರ್ಟ್ಸ್, ಅಂದರೆ ಕರೆಂಟಿನ ಆವರ್ತನ, ಬದಲಾಯಿಸುವುದಿಲ್ಲ. ಹಳೆಯ ಎಸಿ ಮೋಟಾರಿನ 60 ಹರ್ಟ್ಸ್ ಟರ್ನ್‌ಟೇಬಲ್ಲನ್ನು (ರೆಕಾರ್ಡ್ ಪ್ಲೇಯರನ್ನು) ನಮ್ಮ 50 ಹರ್ಟ್ಸ್‌ನಲ್ಲಿ ಓಡಿಸಿದರೆ ನಿಮಿಷಕ್ಕೆ 33 ಸುತ್ತು ಹೋಗಬೇಕಾದ ತಟ್ಟೆ 28ರ ಆಸುಪಾಸಿಗೆ ಇಳಿಯುತ್ತದೆ. ಹಾಡುವವರು ನಿದ್ದೆಗಣ್ಣಲ್ಲಿದ್ದಂತೆ ಕೇಳಿಸುತ್ತದೆ. 50 ಹರ್ಟ್ಸ್‌ನ ಪುಲ್ಲಿ (ಮೋಟಾರಿನ ಪುಟ್ಟ ಗಾಲಿ) ಸಿಗುತ್ತದಾ ಎಂದು ಮೊದಲೇ ವಿಚಾರಿಸಿ.

ಹಂತ 3: ಯಾವುದು ಸಾಯುತ್ತದೆ, ಸತ್ತರೆ ಸಿಗುತ್ತದಾ?

ಜನ ಎಡವುವುದು ಇಲ್ಲೇ. ಸುಮ್ನೆ "ಪಾರ್ಟ್ಸ್ ಸಿಗುತ್ತಾ?" ಎಂದು ಕೇಳಿದರೆ ಎಲ್ಲರೂ ಸಿಗುತ್ತೆ ಎನ್ನುತ್ತಾರೆ. ಹಾಗಲ್ಲ. ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ, ಕೊನೆಯಲ್ಲಿರುವ ಪಾರ್ಟ್ ಪಟ್ಟಿ ತೆಗೆದು, ಮೂರ್ನಾಲ್ಕು ನಂಬರ್ ಬರೆದುಕೊಂಡು, ಒಂದೊಂದಾಗಿ ಹುಡುಕಿ.

ಕೆಪಾಸಿಟರ್, ರಿಲೇ, ಬೆಲ್ಟ್ ಬಗ್ಗೆ ಚಿಂತೆ ಬೇಡ. ಅಳತೆ ಹೇಳಿದರೆ ಹೊಂದುವಂಥದ್ದು ಸಿಗುತ್ತದೆ. ಸ್ಪೀಕರ್ ಅಂಚಿನ ಫೋಮ್ ಪುಡಿಯಾಗಿದ್ದರೂ ಹೊಸದು ಅಂಟಿಸಬಹುದು. ತೊಂದರೆ ಕೊಡುವುದು ಆ ಕಂಪನಿ, ಆ ಮಾಡೆಲ್‌ಗೆಂದೇ ಮಾಡಿದ ಭಾಗಗಳು.

ಆಂಪ್‌ನಲ್ಲಿ ಮೊದಲು ನೋಡಬೇಕಾದದ್ದು ಔಟ್‌ಪುಟ್ ಭಾಗ, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಭಾಗ. ಬಿಡಿ ಟ್ರಾನ್ಸಿಸ್ಟರ್‌ಗಳಿದ್ದರೆ ಒಳ್ಳೆಯದು, ಹಳೆಯ ನಂಬರಿಗೆ ಬದಲಿ ಹುಡುಕಬಹುದು. ನಂಬರ್ ಎಸ್‌ಟಿಕೆ ಎಂದು ಶುರುವಾಗುವ, ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗಕ್ಕೆ) ಕೂರಿಸಿದ ಒಂದೇ ದಪ್ಪ ಬಿಲ್ಲೆ ಇದ್ದರೆ ಹುಷಾರು. ಅದರೊಳಗೇ ಇಡೀ ಆಂಪ್ ಇರುತ್ತದೆ. ಹಳೆಯ ನಂಬರುಗಳ ತಯಾರಿ ನಿಂತಿದೆ, ನಕಲಿ ಜಾಸ್ತಿ. ನಾನು ಎರಡು ಸಲ ಮೋಸ ಹೋದೆ. ಎರಡನೆಯದು ಹತ್ತು ನಿಮಿಷಕ್ಕೇ ಹೋಯಿತು. ಕೋಪಕ್ಕೆ ಅದನ್ನು ಒಡೆದು ನೋಡಿದೆ. ಒಳಗಿನ ಚಿಪ್ ಎಳ್ಳಿನಷ್ಟಿತ್ತು!

ಸಿಡಿ ಪ್ಲೇಯರ್ ಆದರೆ ಸಿಡಿ ಓದುವ ಲೇಸರ್ ಪಿಕಪ್‌ನ ನಂಬರ್ ಮುಖ್ಯ. ಮಾರುವವರು ಮೊದಲ ಹಾಡು ಹಾಕಿ ತೋರಿಸುತ್ತಾರೆ. ಸಿಡಿ ಒಳಗಿನಿಂದ ಹೊರಗೆ ಓದಿಕೊಂಡು ಹೋಗುತ್ತದೆ, ಹಾಗಾಗಿ 70 ನಿಮಿಷ ದಾಟಿದ ಸಿಡಿಯ ಕೊನೆಯ ಹಾಡು ಹಾಕಿಸಿ. ಮುಪ್ಪಾದ ಪಿಕಪ್ ತಡವರಿಸುವುದು ಹೆಚ್ಚಾಗಿ ಅಲ್ಲೇ.

ಟರ್ನ್‌ಟೇಬಲ್ ಆದರೆ ಮುಳ್ಳು. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ (ಮುಳ್ಳು ಕೂರುವ ತಲೆ) ವ್ಯವಹಾರ ಬಿಟ್ಟಿತು. ಬೇರೆಯವರು ಅದರ ಎಷ್ಟೋ ಮಾಡೆಲ್‌ಗೆ ಮುಳ್ಳು ಮಾಡುತ್ತಾರೆ, ಆದ್ದರಿಂದ ಹೆದರಬೇಕಿಲ್ಲ. ನಿಮ್ಮ ಮಾಡೆಲ್ ಆ ಪಟ್ಟಿಯಲ್ಲಿರಬೇಕು, ಅಷ್ಟೇ.

ಇನ್ನು ಹೋಮ್ ಥಿಯೇಟರ್ ರಿಸೀವರ್. ಸೆಕೆಂಡ್‌ಹ್ಯಾಂಡ್‌ನಲ್ಲಿ ಬೇಡವೇ ಬೇಡ. ಟಿವಿಗೆ ಚಿತ್ರ, ಸದ್ದು ಸಾಗಿಸುವ ಎಚ್‌ಡಿಎಂಐ ಬೋರ್ಡ್ ಹೋದರೆ ಇಡೀ ಬೋರ್ಡೇ ಬೇಕು, ಮಾಡೆಲ್ ಹಳತಾಗಿದ್ದರೆ ಅದೂ ಸಿಗುವುದು ಕಷ್ಟ. ಎರಡು ಚಾನೆಲ್‌ನ ಸಾದಾ ಸ್ಟೀರಿಯೋ ಆಂಪ್ ತಗೊಳ್ಳಿ. ಬಟನ್ ಕಮ್ಮಿ ಇದ್ದಷ್ಟೂ ಕೆಡುವುದು ಕಮ್ಮಿ, ಅಲ್ವಾ?

ಹಂತ 4: ಅರ್ಧ ಗಂಟೆ ಕೂತು ಕೇಳಿ

ಬಿಸಿಯಾದ ಮೇಲೇ ಕಾಣಿಸಿಕೊಳ್ಳುವ ದೋಷಗಳಿವೆ. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ, ಏನು ಮಾಡಿಸಿದ್ದು ಎಂದು ಕೇಳಿ. ವಾಲ್ಯೂಮ್ ತಿರುಗಿಸುವಾಗ ಬರುವ ಚರಚರ ಸದ್ದು ಹೆಚ್ಚಾಗಿ ಧೂಳು, ಅದಕ್ಕೆ ಬೆಲೆ ಇಳಿಸಿ ಕೇಳಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಲು ಮಾತ್ರ ಬಿಡಬೇಡಿ. ಎರಡು ದಿನ ಚೆನ್ನಾಗಿದ್ದು ಆಮೇಲೆ ಜಿಡ್ಡಿಗೆ ಇನ್ನಷ್ಟು ಧೂಳು ಕೂರುತ್ತದೆ.

ಮಲ್ಟಿಮೀಟರ್ ಇದ್ದರೆ ಹಾಡು ನಿಲ್ಲಿಸಿ, ವಾಲ್ಯೂಮ್ ಸೊನ್ನೆಗೆ ಇಳಿಸಿ, ಸ್ಪೀಕರ್ ವೈರ್ ಸಿಕ್ಕಿಸುವ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. 100 ದಾಟಿದರೆ ರಿಪೇರಿ ಖರ್ಚು ಸೇರಿಸಿ ಲೆಕ್ಕ ಹಾಕಿ, ಇಲ್ಲವೇ ಬಿಟ್ಟುಬಿಡಿ.

ಹಂತ 5: ರಿಪೇರಿಯವರನ್ನು ಮೊದಲೇ ಹುಡುಕಿ

ಕೆಟ್ಟ ಮೇಲಲ್ಲ, ಕೊಳ್ಳುವ ಮುಂಚೆ. ಮಾಡೆಲ್ ನಂಬರ್ ಹೇಳಿದಾಗ ಅವರ ಮುಖ ನೋಡಿ. "ಅಯ್ಯೋ, ಅದಾ?" ಎಂದರೆ ಬೇರೆ ಮಾಡೆಲ್ ಹುಡುಕಿ.

ಅದೇ ಮಾಡೆಲ್‌ನ ಕೆಟ್ಟುಹೋದ ಇನ್ನೊಂದು ಸೆಟ್ ಅಗ್ಗಕ್ಕೆ ಸಿಕ್ಕರೆ ತಂದಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್, ಸ್ವಿಚ್, ನಾಬ್ ಎಲ್ಲ ಅದರಲ್ಲೇ ಇರುತ್ತವೆ. ನನ್ನ ಮಂಚದ ಕೆಳಗೆ ಅಂಥವು ಎರಡಿವೆ. ಒಂದಕ್ಕೆ ಈಗಾಗಲೇ ವಾಲ್ಯೂಮ್ ನಾಬ್ ಇಲ್ಲ.