ಮೇಷ್ಟ್ರ ಒಂದೇ ಫೋನಿನಲ್ಲಿ, ಮಕ್ಕಳೇ ಆರಿಸಿಕೊಳ್ಳುವ ಎಫ್‌ಎ

ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಜುಲೈ ಬಂತು ಅಂದರೆ ಕರೆಂಟು ಇಲ್ಲ, ನೆಟ್‌ವರ್ಕ್ ಯಾವ ಕಿಟಕಿ ಹತ್ತಿರ ಸಿಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು. ಹಾಗಾಗಿ ಮಕ್ಕಳು ಎಷ್ಟು ಕಲಿತಿದ್ದಾರೆ ಅಂತ ನೋಡುವುದಕ್ಕೆ ಇಲ್ಲಿ ಹೇಳಿರುವುದೆಲ್ಲ, ಕೊನೆಯ ಗೂಗಲ್ ಫಾರ್ಮ್ಸ್ ಒಂದನ್ನು ಬಿಟ್ಟು, ಮೇಷ್ಟ್ರ ಕೈಯಲ್ಲಿ ಒಂದೇ ಒಂದು ಫೋನ್ ಇದ್ದರೆ ಮಾಡಬಹುದಾದದ್ದು.

ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠದ ನಡುವೆಯೇ ಮಾಡುವ ಚಟುವಟಿಕೆ, ಟೆಸ್ಟು) ಮಾಡುತ್ತೇವೆ ಅಲ್ವಾ, ಅದರಲ್ಲಿ ಒಂದರ ಚಟುವಟಿಕೆಯಿಂದ ಶುರು ಮಾಡಿ. ಎಲ್ಲಾ ನಾಲ್ಕನ್ನೂ ಒಂದೇ ಸಲ ಬದಲಾಯಿಸಲು ಹೋಗಬೇಡಿ.

ಪಾಠ ಎಲ್ಲರಿಗೂ ಒಂದೇ, ಪ್ರಶ್ನೆಯೂ ಒಂದೇ. ನನಗೆ ಇದು ಗೊತ್ತು ಅಂತ ತೋರಿಸುವ ದಾರಿಯನ್ನು ಮಾತ್ರ ಮಗು ಆರಿಸಿಕೊಳ್ಳಲಿ. ಮೂರು ದಾರಿ ಸಾಕು: ಒಂದು ಪುಟ ಬರೆಯುವುದು, ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡುವುದು, ಇಲ್ಲವೇ ಮಾಡಿ ತೋರಿಸುವುದು. ಮೊದಲ ಸಲ ನಾನು ಏಳು ಆಯ್ಕೆ ಕೊಟ್ಟಿದ್ದೆ. ಯಾವುದು ಮಾಡಲಿ ಅಂತ ಕೇಳುವುದರಲ್ಲೇ ವಾರ ಕಳೆಯಿತು, ಕೊನೆಗೆ ಅರ್ಧ ಕ್ಲಾಸು ಚಾರ್ಟಿಗೆ ಬಣ್ಣ ತುಂಬಿಕೊಂಡು ಬಂತು, ವಿಜ್ಞಾನ ಎಲ್ಲೂ ಕಾಣಲಿಲ್ಲ.

ಹತ್ತನೇ ಕ್ಲಾಸಿನ ಸ್ಥಾನಪಲ್ಲಟ ಕ್ರಿಯೆಯನ್ನೇ (ಒಂದು ಲೋಹ ಇನ್ನೊಂದನ್ನು ದ್ರಾವಣದಿಂದ ಹೊರಗೆ ತಳ್ಳುವುದು) ತೆಗೆದುಕೊಳ್ಳಿ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಏನಾಗುತ್ತದೆ, ಯಾಕೆ? ಟೆಸ್ಟಿನಲ್ಲಿ ಎರಡು ಸಾಲಿಗಿಂತ ಜಾಸ್ತಿ ಬರೆಯದ ಒಬ್ಬ ಹುಡುಗ ಮಾತಾಡುವುದನ್ನು ಆರಿಸಿಕೊಂಡ. ಮಧ್ಯಾಹ್ನದ ಊಟದ ನಂತರ ಲ್ಯಾಬಿನ ಮೂಲೆಯಲ್ಲಿ ನನ್ನ ಫೋನ್ ಇಟ್ಟು ಕೂತೆವು. ಹಂಚಿನ ಮೇಲೆ ಮಳೆ ಜೋರಾಗಿತ್ತು, ಅದಕ್ಕೆ ಫೋನನ್ನು ಬಾಯಿ ಹತ್ತಿರವೇ ಹಿಡಿದುಕೊಂಡ. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಅಂತ ಶುರು ಮಾಡಿದ. "ಅಪ್ಪ ಕತ್ತಿ ಅದ್ದಿ ನೋಡ್ತಾರೆ ಸರ್. ಕೆಂಪಾದ್ರೆ ಇನ್ನೂ ಸುಣ್ಣ ಹಾಕ್ಬೇಕು." ಯಾಕೆ ಕೆಂಪಾಗುತ್ತೆ ಅಂದೆ. ಸ್ವಲ್ಪ ಹೊತ್ತು ಬರೀ ಮಳೆ ಸದ್ದು. ಆಮೇಲೆ, "ಸುಣ್ಣ ಸಾಲದಿದ್ರೆ ತಾಮ್ರ ನೀರಲ್ಲೇ ಉಳಿದಿರುತ್ತೆ. ಕಬ್ಬಿಣ ಅದನ್ನ ಹೊರಗೆ ಹಾಕುತ್ತೆ, ಅದೇ ಕತ್ತಿಗೆ ಅಂಟೋದು." ಪಾಠದ ಜೀವಾಳವೇ ಅದು. ಬರೆಯಿಸಿದ್ದರೆ ಇದು ನನಗೆ ಯಾವತ್ತೂ ಸಿಗುತ್ತಿರಲಿಲ್ಲ.

ಅಂಕ ಹಾಕುವಾಗ ಮೂರೂ ದಾರಿಗೆ ಒಂದೇ ಅಳತೆ ಇರಬೇಕು, ಅದನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಕು. ನಾನು ಹತ್ತಕ್ಕೆ ಹೀಗೆ ಹಂಚುತ್ತೇನೆ: ವಿಷಯ ಸರಿ ಇದ್ದರೆ 4, ಕಾರಣ ಹೇಳಿದರೆ 3, ಪುಸ್ತಕದಲ್ಲಿಲ್ಲದ ಸ್ವಂತ ಉದಾಹರಣೆಗೆ 2, ನಾನು ಕೇಳುವ ಒಂದು ಮರುಪ್ರಶ್ನೆಗೆ 1. ಅಂದಕ್ಕೆ, ಬಣ್ಣಕ್ಕೆ, ಎಡಿಟಿಂಗಿಗೆ ಸೊನ್ನೆ. ಮರುಪ್ರಶ್ನೆ ಬಿಡಬೇಡಿ. ನೆಟ್‌ನಿಂದ ಇಳಿಸಿದ್ದೋ ಅಣ್ಣ ಬರೆದುಕೊಟ್ಟದ್ದೋ ಅಲ್ಲೇ ಗೊತ್ತಾಗುತ್ತದೆ.

ಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂತ ಹೇಳಬೇಡಿ. ಅಪ್ಪನ ಫೋನು ತೋಟಕ್ಕೆ ಹೋಗಿರುತ್ತದೆ, ಕೆಲವು ಮನೆಯಲ್ಲಿ ಅಂಥ ಫೋನೇ ಇಲ್ಲ. ಶಾಲೆಯಲ್ಲೇ, ದಿನಕ್ಕೆ ನಾಲ್ಕೈದು ಮಕ್ಕಳಂತೆ ಮುಗಿಸಿ.

ಇನ್ನು ಇಡೀ ಕ್ಲಾಸಿಗೆ ಪಾಠ ಎಷ್ಟು ತಲುಪಿದೆ ಅಂತ ನೋಡುವುದಕ್ಕೆ ಪ್ಲಿಕರ್ಸ್ ಅನ್ನುವ ಆ್ಯಪ್ ತುಂಬಾ ಚೆನ್ನಾಗಿದೆ. ಮಕ್ಕಳ ಕೈಯಲ್ಲಿ ಫೋನ್ ಬೇಡ, ಪ್ರಿಂಟ್ ಮಾಡಿದ ಕಾರ್ಡ್ ಸಾಕು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ ಇರುತ್ತದೆ. ಪ್ರಶ್ನೆಯನ್ನು ಬೋರ್ಡಿನಲ್ಲಿ ಬರೆಯಿರಿ, ತಮ್ಮ ಉತ್ತರ ಮೇಲೆ ಬರುವ ಹಾಗೆ ಮಕ್ಕಳು ಕಾರ್ಡ್ ಎತ್ತಲಿ, ನೀವು ಫೋನಿನ ಕ್ಯಾಮೆರಾವನ್ನು ಆ ಕಡೆಯಿಂದ ಈ ಕಡೆಗೆ ಆಡಿಸಿದರೆ ಯಾರದು ಸರಿ, ಯಾರದು ತಪ್ಪು ಅಂತ ಬಂದುಬಿಡುತ್ತದೆ. ಪಕ್ಕದವನ ಕಾರ್ಡ್ ನೋಡಿ ತಿರುಗಿಸಿದರೂ ಪ್ರಯೋಜನವಿಲ್ಲ, ಚಿತ್ರ ಒಂದರ ಹಾಗೆ ಇನ್ನೊಂದಿಲ್ಲ. ಮಳೆಗಾಲದ ತೇವಕ್ಕೆ ಕಾರ್ಡ್ ಮೆತ್ತಗಾಗುತ್ತದೆ ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಬೆಳಕು ಬಿದ್ದರೆ ಕ್ಯಾಮೆರಾಗೆ ಕಾಣುವುದಿಲ್ಲ. ದಪ್ಪ ರಟ್ಟಿಗೆ ಅಂಟಿಸಿ.

ಗೂಗಲ್ ಫಾರ್ಮ್ಸ್ (ನೆಟ್‌ನಲ್ಲೇ ಪ್ರಶ್ನೆ ಕೇಳಿ ಉತ್ತರ ಪಡೆಯುವುದು), ಲ್ಯಾಬಿನಲ್ಲಿ ಕಂಪ್ಯೂಟರ್ ಇದ್ದರೆ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಕ್ವಿಜ್ ಆನ್ ಮಾಡಿ, ತಪ್ಪು ಉತ್ತರದ ಕೆಳಗೆ ಯಾಕೆ ತಪ್ಪು ಅಂತ ಒಂದು ಸಾಲು ಬರೆಯಿರಿ. ಸುಮ್ನೆ ಅಂಕ ತೋರಿಸಿದರೆ ಮಗುವಿಗೆ ಏನೂ ಸಿಗುವುದಿಲ್ಲ.

ರೆಕಾರ್ಡಿಂಗ್‌ಗಳಿಗೆ ಹೆಸರಿನ ಬದಲು ರೋಲ್ ನಂಬರ್ ಕೊಡಿ. ಎಷ್ಟೇ ಚೆನ್ನಾಗಿದ್ದರೂ ವಾಟ್ಸಾಪ್ ಗುಂಪಿಗೆ, ಸ್ಟೇಟಸ್ಸಿಗೆ ಹಾಕಬೇಡಿ. ಮಗು ನಂಬಿ ಮಾತಾಡಿದ್ದು ನಿಮ್ಮ ಹತ್ತಿರ. ಮಗುವಿಗೆ ಒಂದು ಸಲ ಕೇಳಿಸಿ, ಎಲ್ಲಿ ಅಂಕ ಹೋಯಿತು ಅಂತ ಹೇಳಿ, ಅಂಕವನ್ನು ಸ್ಯಾಟ್ಸ್‌ಗೆ (ಮಕ್ಕಳ ಅಂಕ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಹಾಕಿದ ಮೇಲೆ ಫೋನಿನಿಂದ ಅಳಿಸಿ.